ಎಸಿ ಗೂಡಿಗೆ ಅಂಟಿದ ಗೋಡೆ: ಸೇನಾ ವಸತಿಯ ಮನೆಯೊಂದರಲ್ಲಿ ಬೂಷ್ಟು ತೆಗೆದ ಕೆಲಸದ ದಾಖಲೆ

ಮನೆ ಇರುವುದು ಅಮೆರಿಕದ ಮೆಕ್ಸಿಕೋ ಕೊಲ್ಲಿ ತೀರದ ಸೇನಾ ನೆಲೆಯೊಂದರ ಕುಟುಂಬ ವಸತಿಯಲ್ಲಿ. 2003ರಲ್ಲಿ ಕಟ್ಟಿದ್ದು. ಕಾಂಕ್ರೀಟ್ ನೆಲ, ಮರದ ಚೌಕಟ್ಟು, ಎರಡೂ ಮೈಗೆ ಕಾಗದ ಅಂಟಿಸಿದ ಅರ್ಧ ಇಂಚು ಜಿಪ್ಸಮ್ ಬೋರ್ಡಿನ ಗೋಡೆ. ಎಸಿಯ ಏರ್ ಹ್ಯಾಂಡ್ಲರ್ (ಗಾಳಿಯನ್ನು ತಣಿಸಿ ಮನೆಗೆ ಊದುವ ಒಳಗಿನ ಯಂತ್ರ) ಹಜಾರದ ಒಂದು ಗೂಡಿನೊಳಗಿದೆ. ಗೂಡಿನ ಬೆನ್ನಿಗೇ ಮಕ್ಕಳು ಮಲಗುವ ಕೋಣೆ.

ದೂರು ಇಷ್ಟು: ಮಂಚದ ಹಿಂದೆ, ಸ್ಕರ್ಟಿಂಗ್‌ನಿಂದ ಮೇಲಕ್ಕೆ ಹಸಿರುಗಪ್ಪು ಚುಕ್ಕೆ. ಬಾಗಿಲು ತೆರೆದ ಕೂಡಲೇ ಮುಗ್ಗಲು ವಾಸನೆ. ಹಿಂದೆ ಎರಡು ಸಲ ಬ್ಲೀಚ್‌ನಲ್ಲಿ ಒರೆಸಿ ಬಣ್ಣ ಹೊಡೆದು ದೂರನ್ನು ಮುಚ್ಚಲಾಗಿತ್ತು. ಐದೇ ವಾರದಲ್ಲಿ ಹೊಸ ಬಣ್ಣದ ಮೇಲೆಯೇ ಬೂಷ್ಟು ಮತ್ತೆ ಕೂತಿತ್ತು. ಹಾಗೆ ಮರಳಿ ಬಂದರೆ ಒರೆಸಿದ್ದು ಸಾಲಲಿಲ್ಲ ಎಂದಲ್ಲ, ನೀರು ಇನ್ನೂ ಬರುತ್ತಿದೆ ಎಂದು ಅರ್ಥ. ಆ ನೀರು ಎಲ್ಲಿಂದ ಬರುತ್ತಿದೆ ಎಂದು ಗೊತ್ತಾಗುವವರೆಗೆ ಗೋಡೆಗೆ ಕೈ ಹಚ್ಚಬಾರದು.

ಯಾವುದು ಯಾರ ಕೆಲಸ

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಮಾರ್ಗಸೂಚಿಯಂತೆ 10 ಚದರ ಅಡಿಗಿಂತ ಕಡಿಮೆ ಹರಡಿದ ಬೂಷ್ಟನ್ನು ಮನೆಯವರೇ ತೆಗೆಯಬಹುದು. ಎಂದರೆ ಸುಮಾರು ಮೂರಡಿ ಅಗಲ, ಮೂರಡಿ ಎತ್ತರದ ಜಾಗ. ಇಲ್ಲಿ ಕಣ್ಣಿಗೆ ಕಂಡದ್ದೇ 14 ಚದರ ಅಡಿ. ಗೋಡೆ ಕೊಯ್ಯಬೇಕಾದ ಕೆಲಸ ಬಾಡಿಗೆದಾರರದ್ದಲ್ಲ. ವಸತಿ ಕಂಪನಿ ಅಥವಾ ಅದು ಕರೆಸುವ ಪರಿಣತರು ಮಾಡಬೇಕಾದ್ದು. ಕುಟುಂಬ ತಾನೇ ಕೊಯ್ದರೆ ಗೋಡೆ ಹಾಳಾದದ್ದಕ್ಕೆ ಅವರೇ ದುಡ್ಡು ಕಟ್ಟಬೇಕಾದೀತು. ಅದಕ್ಕಿಂತ ಹೆಚ್ಚಿನ ನಷ್ಟವೆಂದರೆ ಸಾಕ್ಷಿಯೂ ಗೋಡೆಯ ಜೊತೆಗೇ ಕಸಕ್ಕೆ ಹೋಗುತ್ತದೆ. ಅಳೆಯುವುದು, ಫೋಟೋ ತೆಗೆಯುವುದು, ಥರ್ಮೋಸ್ಟಾಟ್ ಮತ್ತು ಫಿಲ್ಟರ್ ನೋಡಿಕೊಳ್ಳುವುದು, ಕೆಲಸ ಸರಿಯಾಗಿ ನಡೆಯುತ್ತಿದೆಯೇ ಎಂದು ಗಮನಿಸುವುದು ಇವಿಷ್ಟು ಕುಟುಂಬದ ಕೈಯಲ್ಲಿವೆ.

ಕಾಗದಪತ್ರದ ಬಗ್ಗೆ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. 1996ರ ಕಾಯ್ದೆಯಿಂದ ಸೇನಾ ವಸತಿಗಳು ಖಾಸಗಿ ಕಂಪನಿಗಳ ಕೈಗೆ ಹೋಗತೊಡಗಿದವು. ಇಂದು ದೇಶದೊಳಗಿನ ಬಹುತೇಕ ಕುಟುಂಬ ವಸತಿ ಅವುಗಳದ್ದೇ. ದುರಸ್ತಿ ಬೇಗ ಮುಗಿದಿದೆ ಎಂದು ದಾಖಲೆ ತೋರಿಸಿದರೆ ಕಂಪನಿಗೆ ಪ್ರೋತ್ಸಾಹಧನ ಸಿಗುವ ಏರ್ಪಾಡಿತ್ತು. ಬಾಲ್ಫರ್ ಬೀಟಿ ಕಮ್ಯುನಿಟೀಸ್ ಈ ದಾಖಲೆಗಳನ್ನು ತಿದ್ದಿ ಪ್ರೋತ್ಸಾಹಧನ ಪಡೆದಿತ್ತು. 2021ರ ಡಿಸೆಂಬರ್‌ನಲ್ಲಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು, ದಂಡ ಮತ್ತು ಪರಿಹಾರ ಸೇರಿ 6.5 ಕೋಟಿ ಡಾಲರ್‌ಗೂ ಹೆಚ್ಚು ತೆರಬೇಕಾಯಿತು. ಆದ್ದರಿಂದ ಕಂಪನಿಯ ಕಂಪ್ಯೂಟರಿನಲ್ಲಿ 'ಮುಗಿದಿದೆ' ಎಂದು ಬರೆದದ್ದನ್ನೊಂದೇ ನಂಬಿ ಕೂರಬೇಡಿ, ನಿಮ್ಮದೇ ದಾಖಲೆ ಇಟ್ಟುಕೊಳ್ಳಿ. 2019ರ ಡಿಸೆಂಬರ್‌ನಲ್ಲಿ ಸಹಿಯಾದ ರಕ್ಷಣಾ ಕಾಯ್ದೆಯಿಂದ ಬಂದ ಬಾಡಿಗೆದಾರರ ಹಕ್ಕುಪತ್ರದಲ್ಲಿ 18 ಹಕ್ಕುಗಳಿವೆ. ಈ ಕೆಲಸಕ್ಕೆ ಬೇಕಾದವು ಮೂರು: ಮನೆಯ ಹಿಂದಿನ 7 ವರ್ಷಗಳ ದುರಸ್ತಿ ಇತಿಹಾಸ ಕೇಳುವ ಹಕ್ಕು, ವಾಸಕ್ಕೆ ತಕ್ಕದ್ದಲ್ಲದ ಮನೆಯಿಂದ ಖರ್ಚಿಲ್ಲದೆ ಬೇರೆ ಕಡೆ ಹೋಗುವ ಹಕ್ಕು, ಮತ್ತು ಔಪಚಾರಿಕ ವ್ಯಾಜ್ಯ ತೀರ್ಮಾನವಾಗುವವರೆಗೆ ಬಾಡಿಗೆ ಹಣವನ್ನು ಪ್ರತ್ಯೇಕವಾಗಿ ಇರಿಸಲು ಕೋರುವ ಹಕ್ಕು.

ಇಲ್ಲಿ 7 ವರ್ಷಗಳ ಇತಿಹಾಸ ಕೇಳಿ ಪಡೆದದ್ದು ತುಂಬ ಉಪಯೋಗಕ್ಕೆ ಬಂತು. ಅದರಲ್ಲಿ ಹಿಂದಿನ ಕುಟುಂಬದ ಕಾಲದ ಒಂದು ಸಾಲು ಹೀಗಿತ್ತು: 'ಎಸಿ ಆಗಾಗ ನಿಲ್ಲುತ್ತದೆ, ಸರಿಪಡಿಸಲಾಗಿದೆ.' ಹೇಗೆ ಸರಿಪಡಿಸಿದ್ದರು ಎಂಬುದು ಗೂಡು ಬಿಚ್ಚಿದ ಮೇಲೆ ತಿಳಿಯಿತು.

ಫೋಟೋಗಳನ್ನು ಜೋಡಿಯಾಗಿ ತೆಗೆಯಿರಿ. ಇಡೀ ಗೋಡೆ ಕಾಣುವಂತೆ ಒಂದು, ಅಳತೆ ಟೇಪ್ ಪಕ್ಕದಲ್ಲಿಟ್ಟು ಹತ್ತಿರದಿಂದ ಒಂದು. ದೂರಿನ ಸಂಖ್ಯೆ ಮತ್ತು ದಿನಾಂಕ ಬರೆದ ಚೀಟಿ ಎರಡರಲ್ಲೂ ಇರಲಿ. ಮಗುವಿಗೆ ಕೆಮ್ಮು, ಉಬ್ಬಸ ಇದ್ದರೆ ವೈದ್ಯರಿಗೆ ಮನೆಯ ತೇವದ ಬಗ್ಗೆ ಹೇಳಿ, ಅದು ಚಿಕಿತ್ಸಾ ದಾಖಲೆಯಲ್ಲಿ ಸೇರುವಂತೆ ನೋಡಿಕೊಳ್ಳಿ.

1ನೇ ದಿನ: ಅಳತೆ

ಹಿಂದಿನ ರಾತ್ರಿಯೇ ಗಾಳಿಯ ತೇವಾಂಶ ಅಳೆಯುವ ಮೂರು ಅಗ್ಗದ ಹೈಗ್ರೊಮೀಟರ್‌ಗಳನ್ನು ಪರೀಕ್ಷಿಸಿಕೊಂಡಿದ್ದಾಯಿತು. ಬಾಟಲಿ ಮುಚ್ಚಳದಲ್ಲಿ ಉಪ್ಪು ಹಾಕಿ, ಅದು ಕರಗಿಹೋಗದೆ ಕೆಸರಿನಂತಾಗುವಷ್ಟೇ ನೀರು ಬಿಟ್ಟು, ಮೀಟರ್ ಜೊತೆ ಜಿಪ್ ಚೀಲದಲ್ಲಿಟ್ಟು ಹನ್ನೆರಡು ಗಂಟೆ ಮುಚ್ಚಿಡಬೇಕು. ಆಗ ಮೀಟರ್ ಶೇ. 75 ತೋರಿಸಬೇಕು. ಒಂದು 71 ತೋರಿಸಿತು. ಅದರ ಎಲ್ಲ ಓದಿಗೂ 4 ಕೂಡಿಸಿಕೊಳ್ಳಬೇಕೆಂದು ಅದರ ಬೆನ್ನಿಗೇ ಬರೆದಿಡಲಾಯಿತು.

ಮಧ್ಯಾಹ್ನದ ಓದು:

ಹೊರಗೆ 31 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇ. 74.
ಹಜಾರ 21 ಡಿಗ್ರಿ, ಶೇ. 66.
ಮಕ್ಕಳ ಕೋಣೆ, ಬಾಗಿಲು ಮುಚ್ಚಿ, 20.5 ಡಿಗ್ರಿ, ಶೇ. 71.
ಸ್ಕರ್ಟಿಂಗ್ ಬಳಿ ಗೋಡೆಯ ಮೈ 18.5 ಡಿಗ್ರಿ.

ಕೊನೆಯ ಎರಡು ಸಾಲನ್ನು ಸೇರಿಸಿ ನೋಡಬೇಕು. ಕೋಣೆಯ ಗಾಳಿ ಶೇ. 71 ಇದ್ದರೂ, ಅದೇ ಗಾಳಿ ತಣ್ಣನೆಯ ಗೋಡೆಗೆ ತಾಗಿದಾಗ ಆ ಮೈಮೇಲಿನ ತೇವಾಂಶ ಶೇ. 80 ಮುಟ್ಟುತ್ತದೆ. ಬೂಷ್ಟಿಗೆ ಹರಿಯುವ ನೀರೇ ಬೇಕೆಂದಿಲ್ಲ. ಬೋರ್ಡಿನ ಕಾಗದ ದಿನಗಟ್ಟಲೆ ಅಷ್ಟು ಪಸೆಯಲ್ಲಿದ್ದರೆ ಕೆಲವು ಜಾತಿಗಳಿಗೆ ಅದೇ ಸಾಕು.

ಆದರೆ ಹಾಗಿದ್ದರೆ ಇಡೀ ಗೋಡೆ ಒಂದೇ ಸಮ ಪಸೆ ಹಿಡಿಯಬೇಕಿತ್ತು. ಗೋಡೆಯೊಳಗಿನ ತೇವ ಅಳೆಯುವ, ಪಿನ್ ಇರುವ ಮಾಯಿಶ್ಚರ್ ಮೀಟರ್ ಬೇರೆಯದನ್ನೇ ಹೇಳಿತು. ಎದುರಿನ ಒಣ ಗೋಡೆಯಲ್ಲಿ, ಮರಕ್ಕೆಂದು ಇರುವ ಮೀಟರಿನ ಅಳತೆಯಲ್ಲಿ, 9. ಕೆಟ್ಟ ಗೋಡೆಯಲ್ಲಿ ನಾಲ್ಕಡಿ ಎತ್ತರದಲ್ಲಿ 9, ಎರಡಡಿಯಲ್ಲಿ 14, ಸ್ಕರ್ಟಿಂಗ್ ಮೇಲೆ 24. ಜಿಪ್ಸಮ್ ಮೇಲೆ ಈ ಅಂಕಿಗಳಿಗೆ ತಮ್ಮಷ್ಟಕ್ಕೆ ಬೆಲೆಯಿಲ್ಲ. ಒಣ ಗೋಡೆಯ ಓದಿಗೂ ಇದಕ್ಕೂ ಎಷ್ಟು ಅಂತರ ಎಂಬುದೇ ಮುಖ್ಯ. ಕೆಳಗೆ ಹೆಚ್ಚು, ಮೇಲೆ ಕಡಿಮೆ, ಅದೂ ಹೊರಗಿನ ಗೋಡೆಯಲ್ಲಲ್ಲ, ಎಸಿ ಗೂಡಿಗೆ ಅಂಟಿದ ಗೋಡೆಯಲ್ಲಿ. ಎಂದರೆ ನೀರು ನೆಲದ ಮಟ್ಟದಲ್ಲಿ, ಗೂಡಿನ ಕಡೆಯಿಂದ ಬರುತ್ತಿದೆ.

ಗೂಡಿನೊಳಗೆ

ಥರ್ಮೋಸ್ಟಾಟ್ ಆಫ್, ಬ್ರೇಕರ್ ಆಫ್, ಆಮೇಲೆ ಕೆಳಗಿನ ಫಲಕ ಬಿಚ್ಚಿದ್ದು. ಗಾಳಿಯನ್ನು ತಣಿಸುವ ಕಾಯಿಲ್ (ಕೊಳವೆಗಳ ಸುರುಳಿ) ಕೆಳಗೆ, ಅದರಿಂದ ತೊಟ್ಟಿಕ್ಕುವ ನೀರು ಹಿಡಿಯುವ ತಟ್ಟೆಯಲ್ಲಿ ಅರ್ಧ ಇಂಚು ನಿಂತ ನೀರು. ಅದರ ಅಂಚಿನಿಂದ ತುಕ್ಕಿನ ಒಂದು ಗೆರೆ ಪ್ಲೈವುಡ್ ಪೀಠಕ್ಕೆ, ಅಲ್ಲಿಂದ ಗೋಡೆಯ ಬುಡಕ್ಕೆ ಇಳಿದಿತ್ತು. ಪೀಠದ ಆ ಮೂಲೆ ಬೆರಳಿಗೆ ಮೆತ್ತಗೆ ಸಿಕ್ಕಿತು.

ಕೆಳಗಿನ ಎರಡನೇ ತಟ್ಟೆಯಲ್ಲಿ ಫ್ಲೋಟ್ ಸ್ವಿಚ್ ಇತ್ತು. ನೀರು ತುಂಬಿದರೆ ಎಸಿಯನ್ನು ನಿಲ್ಲಿಸುವುದು ಅದರ ಕೆಲಸ. ಅದರ ಎರಡೂ ತಂತಿಗಳನ್ನು ಕಿತ್ತು, ಒಂದಕ್ಕೊಂದು ತಿರುಚಿ ಟೇಪ್ ಸುತ್ತಿದ್ದರು. ಇತಿಹಾಸದ ಆ ಸಾಲಿನ ಅರ್ಥ ಇದೇ: ಎಸಿ ನಿಲ್ಲುತ್ತಿದ್ದದ್ದು ನೀರು ತುಂಬಿದ್ದರಿಂದ. ನೀರನ್ನು ಬಿಡಿಸುವ ಬದಲು ಎಚ್ಚರಿಕೆಯ ಬಾಯಿ ಕಟ್ಟಿದ್ದರು. ಮಗು ಮಲಗುವ ಕೋಣೆಯ ಗೋಡೆ ಕೊಳೆತದ್ದಕ್ಕೆ ಮೂಲ ಈ ಒಂದಿಂಚು ಟೇಪ್. ಯಾವ ಮನೆಯಲ್ಲಿ ಕಂಡರೂ ಇದನ್ನು ಫೋಟೋ ಸಮೇತ ಲಿಖಿತವಾಗಿ ವರದಿ ಮಾಡಿ.

ನೀರು ಏಕೆ ನಿಂತಿತು? ಎರಡು ಕಾರಣ.

ಮೊದಲನೆಯದು ತಟ್ಟೆಯ ನೀರನ್ನು ಹೊರಕ್ಕೆ ಒಯ್ಯುವ ಪೈಪಿನ ಟ್ರ್ಯಾಪ್, ಎಂದರೆ ನೀರು ನಿಂತು ಗಾಳಿಯನ್ನು ತಡೆಯುವ ಯು ಆಕಾರದ ಬಾಗು, ಮುಚ್ಚಿಹೋಗಿದ್ದು. ಮುಕ್ಕಾಲು ಇಂಚಿನ ಪಿವಿಸಿ ಪೈಪನ್ನು ಕತ್ತರಿಸಿ ನೋಡಿದಾಗ ಒಳಗೆ ಅಂಬಲಿಯಂಥ ಕಂದು ಲೋಳೆ ತುಂಬಿತ್ತು, ನಡುವೆ ಪೆನ್ಸಿಲ್ ತೂರುವಷ್ಟೂ ದಾರಿ ಇರಲಿಲ್ಲ.

ಎರಡನೆಯದನ್ನು ಹಲವರು ಗಮನಿಸುವುದಿಲ್ಲ. ಟ್ರ್ಯಾಪ್‌ಗಿಂತ ಮೊದಲು, ಯಂತ್ರದ ಕಡೆ ಇರುವ ಸ್ವಚ್ಛತಾ ಕಿಂಡಿಯ ಮುಚ್ಚಳ ಕಳೆದುಹೋಗಿತ್ತು. ಈ ಬಗೆಯ ಯಂತ್ರದಲ್ಲಿ ಫ್ಯಾನ್ ಕಾಯಿಲ್‌ನ ಮುಂದಿದ್ದು ಗಾಳಿಯನ್ನು ಕಾಯಿಲ್ ಮೂಲಕ ಎಳೆದುಕೊಳ್ಳುತ್ತದೆ. ತೆರೆದ ಕಿಂಡಿಯಿಂದ ಗಾಳಿ ಪೈಪಿನೊಳಗೆ ನುಗ್ಗಿ ತಟ್ಟೆಯ ಕಡೆಗೆ ಹೋಗುತ್ತದೆ, ಇಳಿಯಬೇಕಾದ ನೀರನ್ನು ಹಿಂದಕ್ಕೆ ತಡೆಯುತ್ತದೆ. ಫ್ಯಾನ್ ನಿಂತಾಗ ನೀರು ಸಲೀಸಾಗಿ ಇಳಿದುಬಿಡುವುದರಿಂದ, ಯಂತ್ರ ಆಫ್ ಮಾಡಿ ನೀರು ಹೊಯ್ದು ನೋಡುವ ಮೆಕ್ಯಾನಿಕ್‌ಗೆ ಎಲ್ಲವೂ ಸರಿಯಿರುವಂತೆ ಕಾಣುತ್ತದೆ. ಯಂತ್ರದ ಕಡೆಯ ಕಿಂಡಿ ಮುಚ್ಚಿರಬೇಕು, ಟ್ರ್ಯಾಪ್ ದಾಟಿದ ಮೇಲಿನ ಗಾಳಿಕಿಂಡಿ ತೆರೆದಿರಬೇಕು. ಅದಲು ಬದಲಾದರೆ ತಟ್ಟೆ ಉಕ್ಕುತ್ತದೆ.

ಮಾಡಿದ್ದು: ಹೊರಗಿನ ಪೈಪಿನ ಬಾಯಿಗೆ ವೆಟ್ ವ್ಯಾಕ್ಯೂಮ್ (ನೀರನ್ನೂ ಎಳೆಯಬಲ್ಲ ವ್ಯಾಕ್ಯೂಮ್ ಕ್ಲೀನರ್) ಹಚ್ಚಿ, ಸುತ್ತ ಒದ್ದೆ ಬಟ್ಟೆ ಬಿಗಿದು 3 ನಿಮಿಷ ಎಳೆದದ್ದು. ಹಳೆಯ ಟ್ರ್ಯಾಪ್ ತೆಗೆದು, ಯಂತ್ರ ತಯಾರಕರ ಚಿತ್ರದಲ್ಲಿರುವ ಆಳಕ್ಕೇ ಹೊಸದು ಕೂರಿಸಿದ್ದು. ಆಳ ಕಡಿಮೆಯಾದರೆ ಫ್ಯಾನಿನ ಎಳೆತಕ್ಕೆ ಟ್ರ್ಯಾಪ್‌ನ ನೀರೇ ಎಳೆದುಹೋಗುತ್ತದೆ. ಪೈಪಿಗೆ ಅಡಿಗೆ ಎಂಟನೇ ಒಂದು ಇಂಚು ಇಳಿಜಾರು ಬೇಕು. 14 ಅಡಿ ಪೈಪಿಗೆ ಒಟ್ಟು ಒಂದೂಮುಕ್ಕಾಲು ಇಂಚು ಇಳಿಯಬೇಕಿತ್ತು. ನಡುವೆ ಜೋತುಬಿದ್ದ ಕಡೆ ಹೊಸ ಪಟ್ಟಿ ಹಾಕಿ ಎತ್ತಲಾಯಿತು. ಫ್ಲೋಟ್ ಸ್ವಿಚ್ ಹೊಸದು.

ಪರೀಕ್ಷೆ ಎರಡು. ತಟ್ಟೆಗೆ 2 ಲೀಟರ್ ನೀರು ಹೊಯ್ದು, ಫಲಕ ಮುಚ್ಚಿ, ಫ್ಯಾನ್ 10 ನಿಮಿಷ ಓಡಿಸಿ, ಹೊರಗೆ ನೀರು ಬರುವುದನ್ನು ನೋಡಿ, ಮತ್ತೆ ಆಫ್ ಮಾಡಿ ಬಿಚ್ಚಿದಾಗ ತಟ್ಟೆ ಬರಿದಾಗಿತ್ತು. ನಂತರ ಎಸಿ ಓಡುತ್ತಿರುವಾಗ ಫ್ಲೋಟ್ ಎತ್ತಿ ಹಿಡಿದಾಗ ಯಂತ್ರ ನಿಂತಿತು. ದುರಸ್ತಿಗೆ ಬಂದವರು ಇವೆರಡನ್ನೂ ನಿಮ್ಮ ಕಣ್ಣೆದುರು ಮಾಡಿ ತೋರಿಸದ ಹೊರತು ಕೆಲಸ ಮುಗಿದಿದೆ ಎಂದು ಸಹಿ ಹಾಕಬೇಡಿ.

2ನೇ ದಿನ: ಕೋಣೆಗೆ ತಡೆ

ಮಕ್ಕಳು, ಉಬ್ಬಸ ಇರುವವರು, ರೋಗನಿರೋಧಕ ಶಕ್ತಿ ಕುಂದಿದವರು ಗೋಡೆ ಕೊಯ್ಯುವ ಹೊತ್ತಿಗೆ ಮನೆಯಲ್ಲಿರಬಾರದು. ಈ ಕುಟುಂಬ ಅಂದು ಬೆಳಿಗ್ಗೆಯೇ ನೆಲೆಯ ಅತಿಥಿಗೃಹಕ್ಕೆ ಹೋಯಿತು.

ಎಸಿ ಆಫ್ ಮಾಡಿ, ಕೋಣೆಯ ಗಾಳಿಕಿಂಡಿಗಳನ್ನೆಲ್ಲ 6 ಮಿಲ್ (ಸುಮಾರು 0.15 ಮಿಲಿಮೀಟರ್) ದಪ್ಪದ ಪ್ಲಾಸ್ಟಿಕ್‌ನಿಂದ ಮುಚ್ಚಿ ಟೇಪ್ ಹಾಕಲಾಯಿತು. ಬಾಗಿಲಿಗೆ ಅದೇ ಪ್ಲಾಸ್ಟಿಕ್ ಎರಡು ಪದರ, ನಡುವೆ ಜಿಪ್. ಒಳಗೆ ಹೆಪಾ ಫಿಲ್ಟರ್ (ಅತಿ ಸಣ್ಣ ಕಣಗಳನ್ನೂ ಹಿಡಿಯುವ ಸೋಸುಕ) ಇರುವ, ಗಾಳಿ ಸೋಸುವ ಏರ್ ಸ್ಕ್ರಬರ್ ಯಂತ್ರ ಇಟ್ಟು, ಅದರ ಕೊಳವೆಯನ್ನು ಕಿಟಕಿಯಿಂದ ಹೊರಕ್ಕೆ ಬಿಟ್ಟಿದ್ದು. ಇಲ್ಲಿ ಆಗುವ ಸಾಮಾನ್ಯ ತಪ್ಪೆಂದರೆ ಕೊಳವೆ ಹಾಕದೆ ಯಂತ್ರವನ್ನು ಕೋಣೆಯೊಳಗೇ ಸುತ್ತಲು ಬಿಡುವುದು. ಅದು ಗಾಳಿಯನ್ನು ಸೋಸುತ್ತದೆ, ಆದರೆ ಕೋಣೆಯ ಒತ್ತಡವನ್ನು ಇಳಿಸುವುದಿಲ್ಲ. ಒತ್ತಡ ಹಜಾರಕ್ಕಿಂತ 5 ಪ್ಯಾಸ್ಕಲ್ ಕಡಿಮೆ ಇರಬೇಕು. ಮೀಟರ್ ಇಲ್ಲದಿದ್ದರೆ ಬಾಗಿಲಿನ ಪ್ಲಾಸ್ಟಿಕ್ ನೋಡಿ: ಅದು ಒಳಕ್ಕೆ ಎಳೆದುಕೊಂಡು ಬಿಗಿದಿರಬೇಕು. ಹೊರಕ್ಕೆ ಉಬ್ಬಿದ್ದರೆ ಕೋಣೆಯ ಬೂಷ್ಟು ಮನೆಯಿಡೀ ಹಬ್ಬುತ್ತಿದೆ ಎಂದೇ ಲೆಕ್ಕ, ಕೆಲಸ ನಿಲ್ಲಿಸಬೇಕು.

ಮುಖಕ್ಕೆ ಸರಿಯಾಗಿ ಕೂರುವ ಎನ್‌95 ಮಾಸ್ಕ್ ಕನಿಷ್ಠ. ಗಡ್ಡವಿದ್ದರೆ ಅದು ಕೂರುವುದಿಲ್ಲ. ಗಾಳಿತೂತಿಲ್ಲದ ಕನ್ನಡಕ, ಮುಂಗೈವರೆಗಿನ ಕೈಗವಸು, ಬಿಸಾಡಬಹುದಾದ ಮೇಲಂಗಿ.

ಇದು 2003ರ ಮನೆಯಾದ್ದರಿಂದ ಒಂದು ಹೆಜ್ಜೆ ಉಳಿಯಿತು. 1978ಕ್ಕೆ ಮೊದಲಿನ ಮನೆಯಾದರೆ ಕೊಯ್ಯುವ ಮುನ್ನ ಸೀಸದ ಬಣ್ಣದ ಪರೀಕ್ಷೆ ಆಗಲೇಬೇಕು. ಹಳೆಯ ಗೋಡೆಯ ಸಂದು ತುಂಬಿದ ಪುಟ್ಟಿಯಲ್ಲಿ, 9 ಇಂಚಿನ ಹಳೆಯ ನೆಲದ ಟೈಲ್‌ನಲ್ಲಿ ಆಸ್ಬೆಸ್ಟಾಸ್ ಇರಬಹುದು. ಬೂಷ್ಟು ತೆಗೆಯಲು ಹೋಗಿ ಸೀಸದ ಧೂಳನ್ನು ಮಕ್ಕಳ ಹಾಸಿಗೆಗೆ ಹರಡುವುದು ಮೊದಲಿನದಕ್ಕಿಂತ ದೊಡ್ಡ ಅಪಾಯ.

3ನೇ ದಿನ: ಕೊಯ್ದದ್ದು

ಆ ಗೋಡೆಯ ಪ್ಲಗ್‌ಗಳ ಬ್ರೇಕರ್ ಆಫ್. ಕಾಣುವ ಬೂಷ್ಟು 20 ಇಂಚು ಎತ್ತರಕ್ಕಿತ್ತು. ಕಾಣದೆ ಹಬ್ಬಿರಬಹುದಾದದ್ದಕ್ಕೆ ಅದರಾಚೆ 24 ಇಂಚು ಸೇರಿಸಿದರೆ 44. ಹೊಸ ಬೋರ್ಡ್ ನಾಲ್ಕಡಿ ಅಗಲ ಬರುವುದರಿಂದ, ಕೆಳಗೆ ಬಿಡುವ ಅರ್ಧ ಇಂಚು ಸಂದೂ ಸೇರಿ ನೆಲದಿಂದ 48.5 ಇಂಚಿಗೆ ಗೆರೆ ಹಾಕಲಾಯಿತು. ಅಡ್ಡ ಮಲಗಿಸಿದರೆ ಇಡೀ ಹಾಳೆ ಕೂರುತ್ತದೆ. ವಿದ್ಯುತ್ ಗರಗಸ ಬಳಸಿದರೆ ಧೂಳು ಏಳುತ್ತದೆ, ತಂತಿಗೂ ತಾಗಬಹುದು. ಯುಟಿಲಿಟಿ ಚಾಕುವಿನಲ್ಲಿ ಮೂರು ನಾಲ್ಕು ಸಲ ಗೀರಿ ಮುರಿದದ್ದು, ಗೀರುವಾಗಲೆಲ್ಲ ಹೆಪಾ ವ್ಯಾಕ್ಯೂಮಿನ ಬಾಯಿ ಚಾಕುವಿನ ಪಕ್ಕದಲ್ಲೇ.

ಬೋರ್ಡಿನ ಬೆನ್ನು ತಿರುಗಿಸಿದಾಗ ಎರಡು ಸಲ ಬಣ್ಣ ಹೊಡೆದೂ ಏಕೆ ನಿಲ್ಲಲಿಲ್ಲ ಎಂಬುದು ಕಂಡಿತು. ಮುಂದೆ ಚುಕ್ಕೆ ಚುಕ್ಕೆಯಾಗಿದ್ದದ್ದು ಹಿಂದೆ ಬೂದುಗಪ್ಪು ತುಪ್ಪಳದಂತೆ ಉದ್ದಕ್ಕೂ ಹಬ್ಬಿತ್ತು. ಕೆಳಗಿನ ನಾಲ್ಕು ಇಂಚು ಒದ್ದೆ ಸೀಮೆಸುಣ್ಣದಂತೆ ಕೈಯಲ್ಲೇ ಪುಡಿಯಾಯಿತು. ಬ್ಲೀಚ್ ಈ ಬೆನ್ನನ್ನು ಮುಟ್ಟುವುದೇ ಇಲ್ಲ. ಹೀರುವ ವಸ್ತುವಿನಲ್ಲಿ ಆಳಕ್ಕೆ ಬೇರೂರಿದ ಬೂಷ್ಟನ್ನು ಮೇಲಿನಿಂದ ಒರೆಸಿ ತೆಗೆಯಲಾಗದು. ಸತ್ತ ಬೂಷ್ಟು ಕೂಡ ಅಲರ್ಜಿ ತರಬಲ್ಲದು, ಹಾಗಾಗಿ ಕೊಂದರೆ ಸಾಲದು, ಅಲ್ಲಿಂದ ತೆಗೆಯಬೇಕು. ಬ್ಲೀಚ್ ಜೊತೆ ಅಮೋನಿಯಾ ಅಥವಾ ವಿನೆಗರ್ ಬೆರೆಸಿದರಂತೂ ವಿಷಾನಿಲ ಏಳುತ್ತದೆ.

ತುಂಡುಗಳು 6 ಮಿಲ್ ಚೀಲಕ್ಕೆ. ಚೀಲದ ಕತ್ತು ತಿರುಚಿ, ಮಡಚಿ, ಟೇಪ್ ಸುತ್ತಿ, ಮೈ ಒರೆಸಿ ಹೊರಗೆ. ಬೂಷ್ಟು ಹತ್ತಿದ ಹಾಸಿಗೆ ಉಳಿಯುವುದಿಲ್ಲ. ಬಿಸಾಡುವ ಮುನ್ನ ಪರಿಹಾರಕ್ಕಾಗಿ ಫೋಟೋ ತೆಗೆಯಿರಿ. ಬಟ್ಟೆ ಒಗೆದು ಪೂರ್ತಿ ಒಣಗಿಸಬಹುದು, ಪ್ಲಾಸ್ಟಿಕ್ ಆಟಿಕೆ ಸೋಪಿನಲ್ಲಿ ತೊಳೆದರೆ ಸಾಕು.

ಗೋಡೆಯೊಳಗಿನ ಚೌಕಟ್ಟಿನ ನಿಲುವು ಮರಗಳಾದ ಸ್ಟಡ್‌ಗಳನ್ನು ಸ್ಕ್ರೂಡ್ರೈವರ್ ಚುಚ್ಚಿ ನೋಡಿದಾಗ ಗಟ್ಟಿಯಾಗಿದ್ದವು. ಹೆಪಾ ವ್ಯಾಕ್ಯೂಮ್, ತಂತಿ ಬ್ರಷ್ ಮತ್ತು 80 ನಂಬರಿನ ಉಜ್ಜುಕಾಗದ, ಮತ್ತೆ ವ್ಯಾಕ್ಯೂಮ್, ಕೊನೆಗೆ ಸೋಪುನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿದ್ದು. ಗೂಡಿನ ಪ್ಲೈವುಡ್ ಪೀಠ ಪೂರ್ತಿ ಬದಲಾಯಿತು.

3ರಿಂದ 6ನೇ ದಿನ: ಒಣಗಿಸಿದ್ದು

ಅವಸರ ಮಾಡಿ ಕೆಲಸ ಕೆಡಿಸುವುದು ಈ ಹಂತದಲ್ಲೇ ಹೆಚ್ಚು. ಗಾಳಿಯ ತೇವ ಹೀರುವ ಡಿಹ್ಯೂಮಿಡಿಫೈಯರ್ ಯಂತ್ರವನ್ನು ಶೇ. 45ಕ್ಕೆ ಇಟ್ಟು, ಅದರ ನೀರನ್ನು ಪೈಪಿನಿಂದ ಹೊರಕ್ಕೆ ಬಿಟ್ಟು, ಒಂದು ಫ್ಯಾನ್ ನಿಧಾನಕ್ಕೆ ಗೋಡೆಯ ಬುಡದತ್ತ. ಸ್ವಚ್ಛ ಮಾಡುವ ಮೊದಲು ಫ್ಯಾನ್ ಹಾಕಿದರೆ ಬೂಷ್ಟನ್ನೇ ಗಾಳಿಗೆ ತೂರಿದಂತಾಗುತ್ತದೆ.

ನೆಲದ ಮೇಲಿನ ಮರದ ಪಟ್ಟಿಯ ತೇವ, ದಿನಕ್ಕೊಂದು ಸಲ, ಅದೇ ಜಾಗದಲ್ಲಿ: 3ನೇ ದಿನ ಶೇ. 27, 4ನೇ ದಿನ 22, 5ನೇ ದಿನ 18, 6ನೇ ದಿನ 15. ಮನೆಯ ಒಣ ಮರದ ಓದು 12. ಶೇ. 16ಕ್ಕಿಂತ ಕೆಳಗಿಳಿಯದೆ ಬೋರ್ಡ್ ಮುಚ್ಚಬಾರದು. 4ನೇ ದಿನವೇ ಮುಟ್ಟಿದರೆ ಮರ ಒಣಗಿದಂತಿತ್ತು. ಕೈ ನಂಬಿದ್ದರೆ ಶೇ. 22 ತೇವವನ್ನು ಹೊಸ ಕಾಗದದ ಹಿಂದೆ ಮುಚ್ಚಿಟ್ಟಂತಾಗುತ್ತಿತ್ತು.

ಗಾಳಿಯ ಸ್ಯಾಂಪಲ್ ತೆಗೆಸಬೇಕೇ ಎಂಬ ಪ್ರಶ್ನೆ ಬರುತ್ತದೆ. ಕಣ್ಣಿಗೇ ಬೂಷ್ಟು ಕಾಣುತ್ತಿರುವಾಗ ಬೇಕಿಲ್ಲ. ಇಷ್ಟಿದ್ದರೆ ಸುರಕ್ಷಿತ ಎನ್ನುವ ಮಿತಿಯನ್ನು ಅಮೆರಿಕದ ಕೇಂದ್ರ ಸರ್ಕಾರ ನಿಗದಿ ಮಾಡಿಲ್ಲ. ಬಣ್ಣ ಕಪ್ಪಾದ ಮಾತ್ರಕ್ಕೆ ಹೆಚ್ಚು ವಿಷವೆಂದೂ ಹೇಳಲಾಗದು. ಆ ಹಣ ಸೋರಿಕೆ ಹುಡುಕಲು ಹೋಗಲಿ. 'ವರದಿ ಸಾಮಾನ್ಯ' ಎಂಬ ಒಂದು ಹಾಳೆಯನ್ನು ತೋರಿಸಿ ಒದ್ದೆ ಗೋಡೆಯನ್ನು ಹಾಗೇ ಬಿಡುವುದಕ್ಕೂ ಇದೇ ಸ್ಯಾಂಪಲ್ ನೆಪವಾಗಬಲ್ಲದು.

7ನೇ ದಿನ: ಮುಚ್ಚಿದ್ದು

ಸ್ಟಡ್‌ಗಳ ಮೇಲೆ ಕಪ್ಪು ಬಟ್ಟೆಯಿಂದ ಎಳೆದಾಗ ಧೂಳು ಬರಲಿಲ್ಲ, ವಾಸನೆ ಇರಲಿಲ್ಲ. ಹೊಸ ಬೋರ್ಡನ್ನು ನೆಲದಿಂದ ಅರ್ಧ ಇಂಚು ಮೇಲಕ್ಕೆ ಕೂರಿಸಿದ್ದು, ಮುಂದೆಂದಾದರೂ ನೆಲದಲ್ಲಿ ನೀರಾದರೆ ಕಾಗದ ಅದನ್ನು ಹೀರಬಾರದೆಂದು. ಸಾದಾ ಲೇಟೆಕ್ಸ್ ಬಣ್ಣ.

ಉಳಿದ ತೇವ

ಸೋರಿಕೆ ನಿಂತರೂ ಕೋಣೆಯ ಶೇ. 71 ತಾನಾಗಿ ಇಳಿಯುವುದಿಲ್ಲ. ಥರ್ಮೋಸ್ಟಾಟ್ 68 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿತ್ತು (20 ಡಿಗ್ರಿ ಸೆಲ್ಸಿಯಸ್), ಫ್ಯಾನ್ 'ಆನ್'ನಲ್ಲಿತ್ತು. ಎರಡೂ ತಪ್ಪು. ಹೊರಗಿನ ಗಾಳಿ 26 ಡಿಗ್ರಿ ಸೆಲ್ಸಿಯಸ್‌ಗೆ ತಣಿದರೆ ಸಾಕು, ನೀರು ಬಿಡುತ್ತದೆ. ಒಳಗಿನ ಗೋಡೆಯನ್ನು 20ಕ್ಕೆ ಇಳಿಸಿಟ್ಟರೆ, ಸಂದಿನಿಂದ ನುಸುಳಿದ ಆ ಗಾಳಿ ಬೋರ್ಡಿನ ಬೆನ್ನ ಮೇಲೆ ಬೆವರುತ್ತದೆ. ಸೆಕೆಯೆಂದು ಇನ್ನಷ್ಟು ತಣ್ಣಗೆ ಮಾಡಿದಷ್ಟೂ ಗೋಡೆ ಒದ್ದೆಯಾಗುತ್ತದೆ. ಫ್ಯಾನ್ 'ಆನ್'ನಲ್ಲಿದ್ದರೆ ಕಂಪ್ರೆಸರ್ ನಿಂತ ಮೇಲೂ ಕಾಯಿಲ್ ಮೇಲಿನ ನೀರನ್ನು ಅದು ಮತ್ತೆ ಮನೆಗೇ ಊದುತ್ತದೆ. ಥರ್ಮೋಸ್ಟಾಟ್ 76ಕ್ಕೆ (ಸುಮಾರು 24 ಡಿಗ್ರಿ ಸೆಲ್ಸಿಯಸ್), ಫ್ಯಾನ್ 'ಆಟೋ'ಗೆ ಬದಲಾಯಿತು.

ಕೋಣೆಯ ಬಾಗಿಲು ಮುಚ್ಚಿದಾಗ ಕೆಳಗಿನ ಸಂದಿಗೆ ಹಿಡಿದ ಟಿಶ್ಯೂ ಕಾಗದದ ಎಳೆ ಹಜಾರದ ಕಡೆಗೆ ಜೋರಾಗಿ ಹಾರಿತು. ಒಳಗೆ ತಣ್ಣನೆ ಗಾಳಿ ಬರುವ ಕಿಂಡಿಯಿದೆ, ಮರಳಿ ಹೋಗುವ ಕಿಂಡಿಯಿಲ್ಲ. ಹಾಗಾದಾಗ ಕೋಣೆ ಉಬ್ಬುತ್ತದೆ, ಉಳಿದ ಮನೆ ಹೊರಗಿನ ಹಬೆಗಾಳಿಯನ್ನು ಸಂದುಗೊಂದುಗಳಿಂದ ಎಳೆದುಕೊಳ್ಳುತ್ತದೆ. ಬಾಗಿಲಿನ ಮೇಲೆ ಗಾಳಿ ಹಾಯುವ ಜಾಲರಿ ಹಾಕಬೇಕೆಂದು ಪ್ರತ್ಯೇಕ ದೂರು ಕೊಡಲಾಯಿತು. ಅಲ್ಲಿಯವರೆಗೆ ರಾತ್ರಿ ಬಾಗಿಲು ಒಂದು ಗೇಣು ತೆರೆದಿರಲಿ.

37ನೇ ದಿನ

ಮಕ್ಕಳ ಕೋಣೆ 24 ಡಿಗ್ರಿ, ತೇವಾಂಶ ಶೇ. 52. ಸ್ಕರ್ಟಿಂಗ್ ಮೇಲಿನ ಓದು 9, ಎದುರು ಗೋಡೆಯಷ್ಟೇ. ತಟ್ಟೆ ಬರಿದು, ಫ್ಲೋಟ್ ಎತ್ತಿದರೆ ಯಂತ್ರ ನಿಲ್ಲುತ್ತದೆ. ಇನ್ನು ತಿಂಗಳಿಗೊಮ್ಮೆ ಕಿಂಡಿಯಿಂದ ಒಂದು ಲೋಟ ವಿನೆಗರ್ ಹೊಯ್ದು ಮುಚ್ಚಳ ಬಿಗಿಯಾಗಿ ಮುಚ್ಚಬೇಕು. ಜಾಲರಿಯ ದೂರು ಇನ್ನೂ ಬಾಕಿ. ಮಂಚ ಸದ್ಯಕ್ಕೆ ಗೋಡೆಯಿಂದ ನಾಲ್ಕು ಇಂಚು ದೂರದಲ್ಲಿದೆ.